ಶೇ. 75 ರಿಯಾಯಿತಿ, ಆದರೆ ಎಷ್ಟರ ಮೇಲೆ? ಹಳೆಯ ಪಿಸಿ ಗೇಮ್ ಮಾರುವ ಅಂಗಡಿಗಳ ವಿಮರ್ಶೆ

ವಿಂಡೋಸ್‌ಗೆ ಮುಂಚಿನ ಡಾಸ್ ವ್ಯವಸ್ಥೆಗೆಂದು ಬರೆದ ಹಳೆಯ ಗೇಮ್ ಒಂದರ ಮೂಲಬೆಲೆ 5.99 ಡಾಲರ್ ಎಂದಿಟ್ಟುಕೊಳ್ಳಿ. ಸೇಲ್‌ನಲ್ಲಿ ಶೇ. 60 ಇಳಿಸಿದಾಗ ಅದು 2.39ಕ್ಕೆ ಸಿಗುತ್ತದೆ. ಆಮೇಲೊಂದು ದಿನ ಸದ್ದಿಲ್ಲದೆ ಮೂಲಬೆಲೆ 9.99 ಆಗುತ್ತದೆ. ಮುಂದಿನ ಸೇಲ್‌ನಲ್ಲಿ ಶೇ. 75 ರಿಯಾಯಿತಿ ಎಂಬ ಪಟ್ಟಿ ಕಣ್ಣು ಕುಕ್ಕುತ್ತದೆ, ಕೊಡಬೇಕಾದದ್ದು 2.49. ರಿಯಾಯಿತಿ ಹೆಚ್ಚಿತು, ಗೇಮ್ ತುಟ್ಟಿಯಾಯಿತು. ಲೆಕ್ಕ ಎರಡೂ ಸರಿಯೇ, ಯಾರೂ ಸುಳ್ಳು ಹೇಳಿಲ್ಲ. ಶೇಕಡಾ ನೋಡಿ ಕೊಳ್ಳುವವರ ಮೂಗಿಗೆ ತುಪ್ಪ ಸವರುವುದು ಹೀಗೆಯೇ.

ಹೊಸ ಗೇಮಿನ ಬೆಲೆ ಬಿಡುಗಡೆಯ ದಿನ ಮೇಲಿದ್ದು ಕಾಲ ಕಳೆದಂತೆ ಇಳಿಯುತ್ತಾ ಹೋಗುತ್ತದೆ. ಮೂವತ್ತು ವರ್ಷ ಹಳೆಯ ಗೇಮಿಗೆ ಆ ಇಳಿಜಾರು ಮುಗಿದು ಎಷ್ಟೋ ಕಾಲವಾಗಿದೆ. ಅದರ ಬೆಲೆ ಎರಡೇ ಮೆಟ್ಟಿಲ ನಡುವೆ ಹತ್ತಿಳಿಯುತ್ತಿರುತ್ತದೆ: ಮೂಲಬೆಲೆ, ಸೇಲ್ ಬೆಲೆ. ವರ್ಷಕ್ಕೆ ಹಲವು ಸಲ ಸೇಲ್‌ಗೆ ಬರುವ ವಸ್ತುವಿನ ನಿಜವಾದ ಬೆಲೆ ಸೇಲ್ ಬೆಲೆಯೇ. ಮೂಲಬೆಲೆ ಗೆರೆ ಎಳೆದು ಹೊಡೆದುಹಾಕಲೆಂದೇ ಬರೆದಿಟ್ಟ ಅಂಕಿ. ಹಾಗಾಗಿ ಈ ಅಂಗಡಿಗಳನ್ನು ತೂಗಲು ಶೇಕಡಾ ಕೆಲಸಕ್ಕೆ ಬರುವುದಿಲ್ಲ. ಗೇಮ್ ಇದುವರೆಗೆ ಮುಟ್ಟಿದ ತಳಬೆಲೆ ಎಷ್ಟು, ಆ ಹಣಕ್ಕೆ ಯಾವ ಆವೃತ್ತಿ ಕೈಗೆ ಬರುತ್ತದೆ ಎಂಬುದು ಮುಖ್ಯ.

ಮೊದಲು ಜಿಒಜಿ ಎಂಬ ಆನ್‌ಲೈನ್ ಗೇಮ್ ಅಂಗಡಿ. 2008ರಲ್ಲಿ ಪೋಲೆಂಡಿನ ಸಿಡಿ ಪ್ರಾಜೆಕ್ಟ್ 'ಗುಡ್ ಓಲ್ಡ್ ಗೇಮ್ಸ್' ಹೆಸರಿನಲ್ಲಿ ಇದನ್ನು ತೆರೆದಾಗ ಇದ್ದದ್ದು ಎರಡೇ ಬೆಲೆ, 5.99 ಮತ್ತು 9.99 ಡಾಲರ್, ಯಾವ ದೇಶದವರಿಗೂ ಒಂದೇ. ಆ ಸರಳತೆ ಬಹಳ ದಿನ ಉಳಿಯಲಿಲ್ಲ. 2012ರಿಂದ ಹೊಸ ಗೇಮ್‌ಗಳೂ ಬಂದವು, 2014ರಲ್ಲಿ ದೇಶಕ್ಕೊಂದು ಬೆಲೆಯೂ ಬಂತು. ಅಮೆರಿಕದ ಬೆಲೆಗಿಂತ ಹೆಚ್ಚು ತೆತ್ತವರಿಗೆ ವ್ಯತ್ಯಾಸವನ್ನು ಅಂಗಡಿಯ ಖಾತೆಗೇ ಹಿಂತಿರುಗಿಸುವ ಏರ್ಪಾಡು ಆಗ ಇತ್ತು. 2019ರ ಮಾರ್ಚ್ ಕೊನೆಗೆ ಅದನ್ನೂ ನಿಲ್ಲಿಸಿದರು. ಯಾವ ಗೇಮಿನ ಪುಟದಲ್ಲೂ ಒಂದಂಕಿ ಬದಲಾಗದೆ ಎಷ್ಟೋ ಮಂದಿಗೆ ಬೆಲೆ ಏರಿದ್ದು ಆ ದಿನ. ಬೆಲೆ ಏರಿಕೆ ಯಾವಾಗಲೂ ಬೆಲೆಪಟ್ಟಿಯಲ್ಲೇ ಕಾಣಬೇಕೆಂದೇನಿಲ್ಲ.

ಇಷ್ಟಾದರೂ ಹಳೆಯ ಗೇಮ್‌ಗಳ ಮಟ್ಟಿಗೆ ಜಿಒಜಿಗೇ ಮೊದಲ ಸ್ಥಾನ. ಡಿಆರ್‌ಎಂ, ಅಂದರೆ ನಕಲು ತಡೆಯುವ ಡಿಜಿಟಲ್ ಬೀಗ, ಇಲ್ಲ. ಕೊಂಡ ಗೇಮಿನ ಇನ್‌ಸ್ಟಾಲರ್ ಫೈಲನ್ನೇ ಇಳಿಸಿಕೊಂಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು. ಇಂಟರ್ನೆಟ್ ಇಲ್ಲದ ಕಂಪ್ಯೂಟರಿನಲ್ಲೂ ಅದು ನಡೆಯುತ್ತದೆ. ಡಾಸ್ ಗೇಮ್‌ಗಳು ಡಾಸ್‌ಬಾಕ್ಸ್ (ಇಂದಿನ ಕಂಪ್ಯೂಟರಿನಲ್ಲಿ ಡಾಸ್ ಅನ್ನು ಅನುಕರಿಸುವ ತಂತ್ರಾಂಶ) ಜೊತೆಗೆ, ಲ್ಯೂಕಾಸ್ ಆರ್ಟ್ಸ್ ಕಾಲದ ಅಡ್ವೆಂಚರ್ ಗೇಮ್‌ಗಳು ಹೆಚ್ಚಾಗಿ ಸ್ಕಮ್‌ವಿಎಂ (ಅಂಥ ಹಳೆಯ ಗೇಮ್‌ಗಳನ್ನು ಓಡಿಸುವ ತಂತ್ರಾಂಶ) ಜೊತೆಗೆ ಹೊಂದಿಸಿಟ್ಟೇ ಬರುತ್ತವೆ. 2024ರ ನವೆಂಬರಿನಲ್ಲಿ ನೂರು ಗೇಮ್‌ಗಳೊಂದಿಗೆ ಶುರುವಾದ ಸಂರಕ್ಷಣಾ ಯೋಜನೆಯಡಿ, ಹೊಸ ವಿಂಡೋಸ್ ಬಂದಂತೆಲ್ಲ ಆ ಗೇಮ್‌ಗಳನ್ನು ಸರಿಪಡಿಸುತ್ತಾ ಹೋಗುವುದಾಗಿ ಅಂಗಡಿಯೇ ಹೇಳಿದೆ. ಹಣ ವಾಪಸಿಗೆ 30 ದಿನ, ಇಳಿಸಿ ಆಡಿದ್ದರೂ ಸರಿ.

ಇನ್ನೊಂದು ದೊಡ್ಡ ಅಂಗಡಿಯಾದ ಸ್ಟೀಮ್‌ನಲ್ಲಿ ಆ ಗಡುವು ಬೇರೆ: ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ. ಹೊಸ ಗೇಮಿಗೆ ಇದು ಸಾಕು. ಹಳೆಯದಕ್ಕೆ ಸಾಲದು, ಏಕೆಂದರೆ ಗೇಮಿನ ಲಾಂಚರ್ ತೆರೆದಿಟ್ಟು ರೆಸೊಲ್ಯೂಷನ್ ಹೊಂದಿಸುತ್ತಾ, ಸಂಗೀತ ಏಕೆ ಬರುತ್ತಿಲ್ಲ ಎಂದು ಹುಡುಕುತ್ತಾ ಕೂತ ಹೊತ್ತೂ ಆಟದ ಹೊತ್ತೆಂದೇ ಲೆಕ್ಕಕ್ಕೆ ಬೀಳುತ್ತದೆ. ಸ್ಟೀಮ್‌ನಲ್ಲಿ ಹಳೆಯ ಗೇಮ್ ಕೊಂಡರೆ ತೆರೆಯುವ ಮೊದಲೇ ಪಿಸಿಗೇಮಿಂಗ್‌ವಿಕಿ ಎಂಬ ತಾಣದಲ್ಲಿ ಆ ಗೇಮಿನ ಪುಟ ಓದಿಬಿಡಿ. ಯಾವ ಅಂಗಡಿಯ ಪ್ರತಿಯಲ್ಲಿ ಏನು ಕೊರತೆ, ಯಾವುದಕ್ಕೆ ಡಿಆರ್‌ಎಂ ಇಲ್ಲ ಎಂಬುದೂ ಅಲ್ಲಿರುತ್ತದೆ. ಡಾಸ್‌ಬಾಕ್ಸ್‌ನಲ್ಲಿ ಓಡುವ ಎಷ್ಟೋ ಗೇಮ್‌ಗಳ ಫೋಲ್ಡರನ್ನು ಸ್ಟೀಮ್‌ನಿಂದ ಹೊರಗೆ ನಕಲಿಸಿಕೊಂಡರೂ ನಡೆಯುತ್ತವೆ. ಅದು ಗೊತ್ತಿದ್ದರೆ ಸ್ಟೀಮ್ ಅಷ್ಟೇನೂ ಕೆಟ್ಟ ಆಯ್ಕೆಯಲ್ಲ.

ಬೆಲೆಯ ವಿಷಯದಲ್ಲಿ ಸ್ಟೀಮ್‌ಗೆ ಒಂದು ಒಳ್ಳೆಯ ಕಟ್ಟುಪಾಡಿದೆ. ಪ್ರಕಾಶಕರು ಬೆಲೆ ಏರಿಸಿದರೆ ಸುಮಾರು ಒಂದು ತಿಂಗಳು ರಿಯಾಯಿತಿ ಕೊಡುವಂತಿಲ್ಲ. ಇವತ್ತು ಏರಿಸಿ ನಾಳೆ ಇಳಿಸುವ ಆಟ ಅಲ್ಲಿ ನಡೆಯದು. ಆದರೆ ಎರಡು ತಿಂಗಳ ಮುಂಚೆ ಏರಿಸಿ ಕಾಯುವುದಕ್ಕೆ ಅಡ್ಡಿಯಿಲ್ಲ. ಬೇಸಿಗೆಯ ದೊಡ್ಡ ಸೇಲ್ ಜೂನ್ ಕೊನೆಯಲ್ಲಿ ಬರುತ್ತದೆ, ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಬೆಲೆಯ ಇತಿಹಾಸ ತೋರಿಸುವ ನಕ್ಷೆಯ ಗೆರೆ ಒಂದು ಮೆಟ್ಟಿಲು ಮೇಲೆ ಹತ್ತಿದ್ದರೆ ಜೂನಿನ ಶೇಕಡಾವನ್ನು ನಂಬಬೇಡಿ. ಡಿಸೆಂಬರಿನ ಸೇಲ್‌ಗೆ ಅಕ್ಟೋಬರಿನ ಗೆರೆ ನೋಡಿ. ಯುರೋಪಿನ ಒಕ್ಕೂಟದಲ್ಲಿ 2022ರ ಮೇ 28ರಿಂದ ಇನ್ನೊಂದು ನಿಯಮವಿದೆ: ರಿಯಾಯಿತಿ ಎಂದು ಸಾರುವ ಅಂಗಡಿ, ಹಿಂದಿನ 30 ದಿನಗಳ ಅತಿ ಕಡಿಮೆ ಬೆಲೆಯನ್ನೂ ತೋರಿಸಬೇಕು. ಜಿಒಜಿಯ ಗೇಮ್ ಪುಟದಲ್ಲಿ ಬೆಲೆಯ ಹತ್ತಿರ ಸಣ್ಣ ಅಕ್ಷರದಲ್ಲಿ ಬರುವ ಸಾಲು ಅದೇ. ಉಪಯೋಗಕ್ಕೆ ಬರುತ್ತದೆ, ಆದರೆ 30 ದಿನ ಬಹಳ ಸಣ್ಣ ಕಿಟಕಿ. ಹಳೆಯ ಗೇಮಿನ ತಳಬೆಲೆ ತಿಳಿಯಲು ಕನಿಷ್ಠ ಎರಡು ವರ್ಷದ ಗೆರೆ ಬೇಕು.

ಆ ಗೆರೆ ಸಿಗುವುದು ಈಸ್‌ದೇರ್‌ಎನಿಡೀಲ್ ಎಂಬ ತಾಣದಲ್ಲಿ. ಸ್ಟೀಮ್ ಒಂದರದೇ ಬೇಕಿದ್ದರೆ ಸ್ಟೀಮ್‌ಡಿಬಿ ಸಾಕು. ಈಸ್‌ದೇರ್‌ಎನಿಡೀಲ್‌ನಲ್ಲಿ ಖಾತೆ ತೆರೆದು, ಸ್ಟೀಮ್ ವಿಶ್‌ಲಿಸ್ಟನ್ನು ಅದಕ್ಕೆ ಜೋಡಿಸಿ, ನಿಮ್ಮ ದೇಶವನ್ನು ಸರಿಯಾಗಿ ಆರಿಸಿ. ಗೇಮಿನ ಪುಟದಲ್ಲಿ ಇದುವರೆಗಿನ ಅತಿ ಕಡಿಮೆ ಬೆಲೆ ಯಾವ ಅಂಗಡಿಯಲ್ಲಿ ಯಾವಾಗ ಇತ್ತು ಎಂದು ಕಾಣುತ್ತದೆ. ಇಮೇಲ್ ಎಚ್ಚರಿಕೆ ಹಾಕುವಾಗ ಶೇಕಡಾ ಹಾಕಬೇಡಿ, ಮೊತ್ತ ಹಾಕಿ. ತಳಬೆಲೆ 1.49 ಇದ್ದರೆ 1.60 ಎಂದು ಬರೆಯಿರಿ. ಹತ್ತು ಸೆಂಟ್ ಹೆಚ್ಚು ಕಡಿಮೆಗೆಂದು ಅವಕಾಶ ತಪ್ಪಬಾರದು. ಸ್ಟೀಮ್‌ಡಿಬಿಯಲ್ಲಿ ಡಾಲರ್ ಗೆರೆ ಬಿಟ್ಟು ನಿಮ್ಮ ಕರೆನ್ಸಿಯ ಗೆರೆ ತೆರೆಯಬೇಕು. ಸ್ಟೀಮ್ ಬೆಲೆಗಳು ವಿನಿಮಯ ದರದ ಪ್ರಕಾರ ತಾವಾಗಿಯೇ ಬದಲಾಗುವುದಿಲ್ಲ, ಪ್ರಕಾಶಕರು ಒಂದೊಂದು ಕರೆನ್ಸಿಗೂ ಬೇರೆ ಬೇರೆ ಬೆಲೆ ಬರೆದಿರುತ್ತಾರೆ. ಡಾಲರ್ ಗೆರೆ ವರ್ಷಗಟ್ಟಲೆ ಅಲುಗದಿದ್ದರೂ ನಿಮ್ಮ ಗೆರೆ ಜಿಗಿದಿರಬಹುದು. 2022ರ ಅಕ್ಟೋಬರಿನಲ್ಲಿ ಸ್ಟೀಮ್ ತನ್ನ ಶಿಫಾರಸು ಬೆಲೆಪಟ್ಟಿ ಪರಿಷ್ಕರಿಸಿದಾಗ ಅನೇಕ ದೇಶಗಳಲ್ಲಿ ಹೀಗಾಯಿತು. 2023ರ ನವೆಂಬರಿನಲ್ಲಿ ಅರ್ಜೆಂಟೀನಾ ಮತ್ತು ಟರ್ಕಿಗಳಲ್ಲಿ ಸ್ಥಳೀಯ ಹಣವನ್ನೇ ಕೈಬಿಟ್ಟು ಡಾಲರ್‌ಗೆ ಹೋದಾಗ, ಅಲ್ಲಿನ ಹಳೆಯ ತಳಬೆಲೆಗಳೆಲ್ಲ ಇತಿಹಾಸ ಸೇರಿದವು. ಅಂಥ ಕಡೆ ಹಳೆಯ ದಾಖಲೆ ನೋಡಿ ಕಾಯುತ್ತಾ ಕೂರುವುದು ವ್ಯರ್ಥ. ಬದಲಾವಣೆಯ ನಂತರದ ತಳವೇ ತಳ.

ಕಾಯುವುದೇ ಜಾಣತನ ಎಂಬುದು ಸಾಮಾನ್ಯ ನಿಯಮ. ಆದರೆ ಒಂದು ಸುದ್ದಿ ಬಂದರೆ ಕಾಯಬಾರದು: ರೀಮಾಸ್ಟರ್. ಹೊಸ ಮೆರುಗಿನ ಆವೃತ್ತಿ ಬರುವಾಗ ಹಳೆಯದರ ಗತಿ ಮೂರು ಥರ ಆಗಬಹುದು. ಹಳೆಯದನ್ನು ಇಟ್ಟುಕೊಂಡವರಿಗೆ ಹೊಸದು ಉಚಿತವಾಗಿ ಬರಬಹುದು. 2021ರಲ್ಲಿ ಕ್ವೇಕ್‌ಗೆ, 2023ರಲ್ಲಿ ಕ್ವೇಕ್ 2ಕ್ಕೆ, 2024ರಲ್ಲಿ ಡೂಮ್ ಮತ್ತು ಡೂಮ್ 2ಕ್ಕೆ ಹೀಗಾಯಿತು. ಮುಂಚೆಯೇ ಸೇಲ್‌ನಲ್ಲಿ ಕೊಂಡವರು ಗೆದ್ದರು. ಎರಡನೆಯದು, ಹಳೆಯದು ಹೊಸದರ ಬಾಲವಾಗಬಹುದು. ಜಿಒಜಿಯಲ್ಲಿ 9.99ಕ್ಕೆ ಬಿಡಿಯಾಗಿ ಸಿಗುತ್ತಿದ್ದ ಮೂಲ ಬಾಲ್ಡರ್ಸ್ ಗೇಟ್, ಆಮೇಲೆ 19.99 ಮೂಲಬೆಲೆಯ ಎನ್‌ಹ್ಯಾನ್ಸ್‌ಡ್ ಎಡಿಷನ್ ಕೊಂಡವರಿಗಷ್ಟೇ ಸಿಗುವಂತಾಯಿತು. ಇದೂ ಬೆಲೆ ಏರಿಕೆಯೇ, ಹೆಸರು ಮಾತ್ರ ಬೇರೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಹಳೆಯದು ಅಂಗಡಿಯಿಂದಲೇ ಮಾಯವಾಗುತ್ತದೆ. 2021ರ ನವೆಂಬರಿನಲ್ಲಿ ಜಿಟಿಎ 3, ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್‌ಗಳ ಡೆಫಿನಿಟಿವ್ ಎಡಿಷನ್ ಬರುವ ಮುನ್ನ ಮೂಲ ಗೇಮ್‌ಗಳನ್ನು ತೆಗೆದುಹಾಕಿದರು. ಹೊಸದು ದೋಷಗಳ ಕಂತೆಯಾಗಿ ಬಂದು ಜನ ರೇಗಿದ ಮೇಲೆ ಹಳೆಯವನ್ನು ಪ್ರಕಾಶಕರ ಸ್ವಂತ ಅಂಗಡಿಗೆ ಮರಳಿ ತರುವುದಾಗಿ ಹೇಳಬೇಕಾಯಿತು.

ವಾರ್‌ಕ್ರಾಫ್ಟ್ ವಿಷಯ ಇನ್ನೂ ಸ್ಪಷ್ಟ. 2024ರ ನವೆಂಬರಿನಲ್ಲಿ ಮೊದಲೆರಡು ಗೇಮ್‌ಗಳ ರೀಮಾಸ್ಟರ್ ಬಂತು, ಡಿಸೆಂಬರ್ 13ಕ್ಕೆ ಮೂಲ ಗೇಮ್‌ಗಳು ಜಿಒಜಿಯ ಮಾರಾಟದಿಂದ ಹೊರಬಿದ್ದವು. ಇಲ್ಲಿ ಅಂಗಡಿಯ ನಡತೆ ಮೆಚ್ಚಬೇಕು: ಮುಂಚೆಯೇ ದಿನಾಂಕ ತಿಳಿಸಿತು, ಕೊನೆಯ ದಿನಗಳಿಗೆ ಒಂದು ರಿಯಾಯಿತಿ ಕೋಡ್ ಕೊಟ್ಟಿತು, ಕೊಂಡವರ ಪ್ರತಿ ಹಾಗೇ ಉಳಿಯಿತು. 2013ರ ಡಿಸೆಂಬರಿನಲ್ಲಿ ಫಾಲ್‌ಔಟ್ ಸರಣಿಯ ಹಕ್ಕು ಕೈಬದಲಾಗುವ ಮುನ್ನ ಮೊದಲ ಮೂರು ಗೇಮ್‌ಗಳನ್ನು ಅದೇ ಅಂಗಡಿ ಎರಡು ದಿನ ಪುಕ್ಕಟೆ ಹಂಚಿತ್ತು. ಅವು 2015ರಲ್ಲಿ ವಾಪಸು ಬಂದವು, ಉಚಿತವಾಗಿ ಅಲ್ಲ. ಹೀಗಾಗಿ ರೀಮಾಸ್ಟರ್ ಸುದ್ದಿಯೋ, ಪ್ರಕಾಶಕ ಕಂಪನಿ ಮಾರಾಟವಾದ ಸುದ್ದಿಯೋ ಕಿವಿಗೆ ಬಿದ್ದರೆ, ಬೇಕೇಬೇಕಾದ ಗೇಮನ್ನು ಮೂಲಬೆಲೆಗಾದರೂ ಆ ವಾರವೇ ತೆಗೆದುಕೊಳ್ಳಿ. ನಾಲ್ಕು ಡಾಲರ್ ಉಳಿಸಲು ಹೋಗಿ ಗೇಮೇ ಕೈತಪ್ಪಬಾರದು. ಹಕ್ಕಿನ ಗೋಜಲಿನಿಂದ ನೋ ಒನ್ ಲಿವ್ಸ್ ಫಾರೆವರ್‌ನಂಥ ಒಳ್ಳೆಯ ಗೇಮ್ ಯಾವ ಡಿಜಿಟಲ್ ಅಂಗಡಿಗೂ ಬರಲಾಗದೆ ಉಳಿದದ್ದನ್ನು ನೆನಪಿಡಿ.

ಈಗ, ಹಣಕ್ಕೆ ಕೈಗೆ ಬರುವುದೇನು? ಅಗ್ಗವೆಂದು ಮುಗ್ಗಲು ಜೋಳ ತಂದ ಹಾಗಾಗುವುದು ಇಲ್ಲೇ. ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3 ನೋಡಿ. ಜಿಒಜಿಯಲ್ಲಿ ಕಂಪ್ಲೀಟ್ ಆವೃತ್ತಿ, 9.99 ಮೂಲಬೆಲೆ, ಎರಡೂ ವಿಸ್ತರಣೆ (ಮೂಲ ಗೇಮಿಗೆ ಆಮೇಲೆ ಬಂದ ಹೆಚ್ಚುವರಿ ಭಾಗ) ಸೇರಿ. ಸ್ಟೀಮ್‌ನಲ್ಲಿ 2015ರ ಎಚ್‌ಡಿ ಎಡಿಷನ್, 14.99 ಮೂಲಬೆಲೆ, ವಿಸ್ತರಣೆ ಒಂದೂ ಇಲ್ಲ. ಅವುಗಳ ಮೂಲ ಕೋಡ್ ಕಳೆದುಹೋಗಿದ್ದರಿಂದ ಸೇರಿಸಲಾಗಲಿಲ್ಲ. ಆಟಗಾರರು ಇವತ್ತು ನಿಜವಾಗಿ ಆಡುವುದು ಹಾರ್ನ್ ಆಫ್ ದಿ ಅಬಿಸ್ ಎಂಬ ಅಭಿಮಾನಿಗಳ ವಿಸ್ತರಣೆ. ಅದು ಕಂಪ್ಲೀಟ್ ಆವೃತ್ತಿಯ ಮೇಲೆ ಕೂರುತ್ತದೆ, ಎಚ್‌ಡಿ ಎಡಿಷನ್ ಮೇಲೆ ಕೂರುವುದಿಲ್ಲ. ಎಚ್‌ಡಿಗೆ ಶೇ. 75 ಇಳಿಸಿ 3.74 ಮಾಡಿದರೂ, ಜಿಒಜಿಯಲ್ಲಿ 9.99 ಪೂರ್ತಿ ಕೊಡುವುದೇ ಮೇಲು. ಅದೂ ಸೇಲ್‌ನಲ್ಲಿ ಇಳಿಯುತ್ತದೆ, ಕಾದರಾಯಿತು.

ಇದಕ್ಕೆ ವಿರುದ್ಧ ಉದಾಹರಣೆ ಸ್ಟಾರ್ ವಾರ್ಸ್ ಟೈ ಫೈಟರ್. ಜಿಒಜಿಯಲ್ಲಿ ಒಂದೇ ಬೆಲೆಗೆ 1995ರ ಡಾಸ್ ಸಿಡಿ ಆವೃತ್ತಿ ಮತ್ತು 1998ರ ವಿಂಡೋಸ್ ಆವೃತ್ತಿ ಎರಡೂ ಬರುತ್ತವೆ. ಎರಡನೆಯದರ ಚಿತ್ರ ನಯವಾಗಿದೆ, ಆದರೆ ಕಾಳಗ ಬಿಸಿಯಾದಂತೆ ಸಂಗೀತವೂ ತಿರುವು ಪಡೆಯುವ ಐಮ್ಯೂಸ್ ವ್ಯವಸ್ಥೆ ಇರುವುದು ಮೊದಲನೆಯದರಲ್ಲಿ. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಅರ್ಧ ಗೇಮ್ ಕೊಂಡ ಹಾಗೆ.

ಅಭಿಮಾನಿಗಳು ಹೊಸದಾಗಿ ಬರೆದ ಎಂಜಿನ್‌ಗಳಿಗೂ, ಅಂದರೆ ಗೇಮನ್ನು ಓಡಿಸುವ ತಂತ್ರಾಂಶಗಳಿಗೂ, ಇದೇ ಮಾತು. ಎಕ್ಸ್‌ಕಾಮ್‌ನ ಓಪನ್‌ಎಕ್ಸ್‌ಕಾಮ್, ರೋಲರ್‌ಕೋಸ್ಟರ್ ಟೈಕೂನ್ 2ರ ಓಪನ್‌ಆರ್‌ಸಿಟಿ2, ಮಾರೋವಿಂಡ್‌ನ ಓಪನ್‌ಎಂಡಬ್ಲ್ಯು, ಡಯಾಬ್ಲೋದ ಡೆವಿಲ್ಯೂಷನ್‌ಎಕ್ಸ್ ಇವೆಲ್ಲ ಉಚಿತ, ಆದರೆ ಮೂಲ ಗೇಮಿನ ಚಿತ್ರ, ಸದ್ದು, ನಕ್ಷೆಗಳ ಫೈಲ್ ಬೇಕು. ನೀವು ಕೊಳ್ಳುತ್ತಿರುವುದು ಆ ಫೈಲ್‌ಗಳನ್ನು. ಅಂಥ ಗೇಮಿಗೆ ಯಾವ ಅಂಗಡಿ ಅಗ್ಗವೋ ಅಲ್ಲೇ ತೆಗೆದುಕೊಳ್ಳಿ. ಡಾಸ್‌ಬಾಕ್ಸ್ ಹೇಗೆ ಹೊಂದಿಸಿದ್ದಾರೆ ಎಂಬುದು ಇಲ್ಲಿ ಮುಖ್ಯವೇ ಅಲ್ಲ.

ಕೊಂಡ ಮೇಲೆ ವಾಪಸಾತಿಯ ಗಡುವಿನೊಳಗೆ ಪರೀಕ್ಷಿಸುವ ಕೆಲಸ ಇಪ್ಪತ್ತು ನಿಮಿಷದ್ದು. ಇನ್‌ಸ್ಟಾಲ್ ಮಾಡುವಾಗಲೇ ಪ್ರೋಗ್ರಾಂ ಫೈಲ್ಸ್ ಫೋಲ್ಡರ್ ಬಿಟ್ಟು ಬೇರೆ ಕಡೆ, ಸಿ ಡ್ರೈವಿನಲ್ಲಿ ಗೇಮ್ಸ್ ಎಂಬ ಫೋಲ್ಡರ್ ಮಾಡಿ ಅಲ್ಲಿ ಹಾಕಿ. ಹಳೆಯ ಗೇಮ್‌ಗಳು ಸೇವ್ ಫೈಲನ್ನು ತಮ್ಮ ಫೋಲ್ಡರಿನಲ್ಲೇ ಬರೆಯುತ್ತವೆ, ಪ್ರೋಗ್ರಾಂ ಫೈಲ್ಸ್ ಒಳಗೆ ಬರೆಯಲು ವಿಂಡೋಸ್ ಸುಮ್ಮನೆ ಬಿಡುವುದಿಲ್ಲ. ಹಾಗಾಗಿ ಮೊದಲ ಹತ್ತು ನಿಮಿಷದಲ್ಲೇ ಒಮ್ಮೆ ಸೇವ್ ಮಾಡಿ, ಹೊರಬಂದು, ಮತ್ತೆ ತೆರೆದು ನೋಡಿ.

ನಂತರ ಚಿತ್ರ. ಡಾಸ್ ಕಾಲದ 320×200 ಚಿತ್ರ 4:3 ಪರದೆಗೆ ಬರೆದದ್ದು; ಅಂದರೆ ಒಂದೊಂದು ಚುಕ್ಕೆಯೂ ಅಗಲಕ್ಕಿಂತ ಶೇ. 20ರಷ್ಟು ಎತ್ತರ. ಚಿತ್ರವನ್ನು ಅಷ್ಟು ಎತ್ತರಕ್ಕೆ ಹಿಗ್ಗಿಸುವ ತಿದ್ದುಪಡಿ ಇಲ್ಲದಿದ್ದರೆ ಚಂದ್ರ ಅದುಮಿದ ಚೆಂಡಿನಂತೆ, ಮನುಷ್ಯರು ಕುಳ್ಳಗೆ ಕಾಣುತ್ತಾರೆ. ಜಿಒಜಿಯ ಡಾಸ್ ಗೇಮಿನ ಫೋಲ್ಡರಿನಲ್ಲಿ ಸಾಮಾನ್ಯವಾಗಿ ಸೆಟ್ಟಿಂಗ್‌ಗಳನ್ನು ಬರೆದಿಟ್ಟ ಎರಡು ಕಾನ್ಫ್ ಫೈಲ್ ಇರುತ್ತವೆ, ಒಂದರ ಹೆಸರಿನ ಕೊನೆಗೆ 'ಸಿಂಗಲ್' ಎಂದಿರುತ್ತದೆ. ಸಿಂಗಲ್ ಫೈಲಿನಲ್ಲಿ ಗೇಮ್ ತೆರೆಯುವ ಆಜ್ಞೆಗಳಿವೆ, ಅದನ್ನು ಮುಟ್ಟಬೇಡಿ. ಇನ್ನೊಂದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ರೆಂಡರ್ ವಿಭಾಗದಲ್ಲಿ ಆಸ್ಪೆಕ್ಟ್ ಎಂಬ ಸಾಲು ಹುಡುಕಿ. ಫಾಲ್ಸ್ ಎಂದಿದ್ದರೆ ಟ್ರೂ ಮಾಡಿ ಉಳಿಸಿ. ಫೈಲ್ ತಿದ್ದಲು ಅಳುಕಿದ್ದರೆ, ಗೇಮಿನ ಜೊತೆಗೆ ಬರುವ ಗ್ರಾಫಿಕ್ ಮೋಡ್ ಸೆಟಪ್ ಎಂಬ ಶಾರ್ಟ್‌ಕಟ್ ಬಳಸಬಹುದು.

ವೇಗ ಮೂರನೆಯ ತೊಂದರೆ. ಪ್ರೊಸೆಸರ್ ಎಷ್ಟು ಜೋರಾಗಿ ಓಡುತ್ತದೋ ಗೇಮೂ ಅಷ್ಟೇ ಜೋರಾಗಿ ಓಡುವಂತೆ ಬರೆದ ಗೇಮ್‌ಗಳಿವೆ, ವಿಂಗ್ ಕಮಾಂಡರ್ ಅದರಲ್ಲಿ ಹೆಸರುವಾಸಿ. ಆಡುತ್ತಿರುವಾಗಲೇ ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ಡಾಸ್‌ಬಾಕ್ಸ್ ನಿಧಾನವಾಗುತ್ತದೆ, ಎಫ್12 ಒತ್ತಿದರೆ ಚುರುಕಾಗುತ್ತದೆ. ಕಿಟಕಿಯ ಮೇಲಂಚಿನಲ್ಲಿ ಸೈಕಲ್ಸ್ ಎಂಬ ಅಂಕಿ ಬದಲಾಗುವುದು ಕಾಣುತ್ತದೆ. ಹಿತವಾದ ವೇಗ ಸಿಕ್ಕಾಗ ಆ ಅಂಕಿ ಬರೆದುಕೊಂಡು ಅದೇ ಕಾನ್ಫ್ ಫೈಲಿನ ಸಿಪಿಯು ವಿಭಾಗಕ್ಕೆ ಸೇರಿಸಿ, ಇಲ್ಲದಿದ್ದರೆ ಮುಂದಿನ ಸಲ ಮತ್ತೆ ಮೊದಲಿನಿಂದ. ಸಂಗೀತ ಬರದಿದ್ದರೆ ಗೇಮಿನದೇ ಸೆಟಪ್ ಪ್ರೋಗ್ರಾಂ ತೆರೆದು ಸೌಂಡ್ ಬ್ಲಾಸ್ಟರ್ ಎಂಬ ಸೌಂಡ್ ಕಾರ್ಡ್ ಆರಿಸಿ: ಪೋರ್ಟ್ 220, ಐಆರ್‌ಕ್ಯೂ 7, ಡಿಎಂಎ 1. ಡಾಸ್‌ಬಾಕ್ಸ್‌ನ ಸಹಜ ಸೆಟ್ಟಿಂಗ್ ಅದು.

ಎಲ್ಲ ಸರಿಯಿದ್ದರೆ ಇನ್‌ಸ್ಟಾಲರ್ ಇಳಿಸಿ ತೆಗೆದಿಡಿ. ಬಹಳ ಮಂದಿ ಜಿಒಜಿಯ ಗ್ಯಾಲಕ್ಸಿ ಆಪ್‌ನಿಂದ ಗೇಮ್ ಹಾಕಿಕೊಂಡು, ಪ್ರತಿ ತಮ್ಮ ಬಳಿ ಇದೆ ಅಂದುಕೊಂಡಿರುತ್ತಾರೆ; ಆಫ್‌ಲೈನ್ ಇನ್‌ಸ್ಟಾಲರ್ ಬೇರೆಯದೇ, ಅದನ್ನು ಬೇಕೆಂದೇ ಇಳಿಸಬೇಕು. ದೊಡ್ಡ ಗೇಮಿನ ಇನ್‌ಸ್ಟಾಲರ್ ಒಂದು ಇಎಕ್ಸ್‌ಇ, ಜೊತೆಗೆ ಕೆಲವು ಬಿನ್ ಫೈಲ್‌ಗಳಾಗಿ ಒಡೆದಿರುತ್ತದೆ. ಎಲ್ಲವೂ ಒಂದೇ ಫೋಲ್ಡರಿನಲ್ಲಿ, ಹೆಸರು ಬದಲಿಸದೆ ಇರಬೇಕು. ಒಂದು ಬಿನ್ ತಪ್ಪಿದರೂ ಅರ್ಧದಲ್ಲಿ ನಿಲ್ಲುತ್ತದೆ. ಕೈಪಿಡಿಯ ಪಿಡಿಎಫ್ 'ಗುಡೀಸ್' ಪಟ್ಟಿಯಲ್ಲಿ ಬೇರೆಯಾಗಿ ಇರುತ್ತದೆ, ಮರೆಯಬೇಡಿ. ನಕಲು ತಡೆಗೆಂದು ಕೈಪಿಡಿಯ ಇಂತಿಷ್ಟನೇ ಪುಟದ ಪದ ಕೇಳುವ ಗೇಮ್‌ಗಳು ಆ ಕಾಲದಲ್ಲಿ ಬಹಳ ಇದ್ದವು.

ಹಳೆಯ ಸಿಡಿ ಪೆಟ್ಟಿಗೆಯೇ ಅಗ್ಗಕ್ಕೆ ಸಿಗುತ್ತಿದೆಯಲ್ಲ ಎನ್ನುವವರಿಗೆ ಎರಡು ಎಚ್ಚರಿಕೆ. ತೊಂಬತ್ತರ ದಶಕದ ಎಷ್ಟೋ ಗೇಮ್‌ಗಳ ಇನ್‌ಸ್ಟಾಲರ್ 16 ಬಿಟ್‌ನದು, 64 ಬಿಟ್ ವಿಂಡೋಸ್‌ನಲ್ಲಿ ತೆರೆಯುವುದೇ ಇಲ್ಲ. 2000ದ ಆಸುಪಾಸಿನ ಸೇಫ್‌ಡಿಸ್ಕ್ ಎಂಬ ನಕಲು ತಡೆ ಇರುವ ಸಿಡಿಗಳಿಗೆ ಬೇಕಾದ ಡ್ರೈವರ್ ವಿಂಡೋಸ್ 10ರಲ್ಲಿ ಇಲ್ಲ. ಸಿಡಿ ಅಸಲಿ, ಡ್ರೈವ್ ಚೆನ್ನಾಗಿದೆ, ಗೇಮ್ ಮಾತ್ರ ಏಳುವುದಿಲ್ಲ. ಆಡಲೆಂದೇ ಆದರೆ ಡಿಜಿಟಲ್ ಪ್ರತಿಗೆ ಎರಡು ಡಾಲರ್ ಕೊಡುವುದು ಅಗ್ಗ.

ಹಣ ಕೊಡುವ ಮುನ್ನ ಕೊನೆಯದಾಗಿ ಒಂದು ಹುಡುಕಾಟ ಮಾಡಿ, ಗೇಮ್ ಅಧಿಕೃತವಾಗಿಯೇ ಉಚಿತವಿರಬಹುದು. ಎಲ್ಡರ್ ಸ್ಕ್ರೋಲ್ಸ್ ಸರಣಿಯ ಅರೇನಾ ಮತ್ತು ಡ್ಯಾಗರ್‌ಫಾಲ್ ಸ್ಟೀಮ್‌ನಲ್ಲೂ ಜಿಒಜಿಯಲ್ಲೂ ಪುಕ್ಕಟೆ, ಬಿನೀತ್ ಎ ಸ್ಟೀಲ್ ಸ್ಕೈ ಕೂಡ. ಡ್ಯಾಗರ್‌ಫಾಲ್ ಆಡುವುದಾದರೆ ಡಾಸ್ ಪ್ರತಿಯೊಂದಿಗೆ ಗುದ್ದಾಡುವ ಬದಲು, ಅದರ ಫೈಲ್‌ಗಳನ್ನು ಡ್ಯಾಗರ್‌ಫಾಲ್ ಯೂನಿಟಿ ಎಂಬ ಅಭಿಮಾನಿಗಳ ಎಂಜಿನ್‌ಗೆ ತೋರಿಸಿ ಆಡಿ.